ಡೇಸ್ ಗಾನ್ ತಗೊಳ್ಳಲಾ ಬೇಡ್ವಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಬೆಳಿಗ್ಗೆ ನೀನು ಹಾಕಿದ ಸ್ಕ್ರೀನ್‌ಶಾಟ್ ಈಗ ನೋಡಿದೆ. ಜಾಂಬಿಗಳಿರೋ ಆ ಡೇಸ್ ಗಾನ್ ಗೇಮ್ ಸೇಲ್‌ಗೆ ಬಂದಿದೆ, ಆದರೆ ರಿವ್ಯೂ ಮಾಡೋ ಗೇಮ್‌ಸ್ಪಾಟ್ ಸೈಟ್‌ನವರು ಹತ್ತಕ್ಕೆ 5 ಕೊಟ್ಟಿದ್ದಾರೆ, ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀಯ. ದಂಡ ಅಲ್ಲ, ತಗೋ. ಯಾಕೆ ಅಂತ ಹೇಳುತ್ತೇನೆ, ಉದ್ದ ಆದರೂ ಪೂರ್ತಿ ಓದು.

2019ರ ಏಪ್ರಿಲ್‌ನಲ್ಲಿ ಸೋನಿಯ ಗೇಮ್ ಯಂತ್ರ ಪಿಎಸ್4ಗೆ ಬಂದಾಗ ಐಜಿಎನ್ ಅನ್ನೋ ಇನ್ನೊಂದು ಸೈಟ್ ಕೊಟ್ಟದ್ದು 6.5. ಎಲ್ಲರ ರಿವ್ಯೂ ಸೇರಿಸಿ ಸರಾಸರಿ ಹಾಕೋ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 71. ಹಿಂದಿನ ವರ್ಷ ಸೋನಿಯದೇ ಗಾಡ್ ಆಫ್ ವಾರ್ 94 ತಗೊಂಡಿತ್ತು, ಅದರ ಮುಂದೆ ಇದು ಫೇಲ್ ಆದ ಹಾಗೇ ಕಂಡಿತು. ತುಂಬಾ ಉದ್ದ, ಒಂದೇ ತರದ ಮಿಷನ್, ಬಗ್ ಜಾಸ್ತಿ ಅಂದರು. ಸುಳ್ಳೇನೂ ಅಲ್ಲ. ಮೊದಲ ಐದಾರು ಗಂಟೆ ನಿಜವಾಗಲೂ ನಿಧಾನ. ಬಗ್ ವಿಷಯಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ. ಪಿಸಿಗೆ ಬಂದದ್ದೇ 2021ರ ಮೇನಲ್ಲಿ, ಅಷ್ಟರಲ್ಲಿ ಬಹಳಷ್ಟು ಸರಿ ಮಾಡಿದ್ದರು.

ಆದರೆ ಒಂದು ಮಾತು. ರಿವ್ಯೂ ಬರೆಯೋರು ಗಡುವಿನೊಳಗೆ ಗೇಮ್ ಮುಗಿಸಬೇಕು. ಒಂದೇ ಸಮನೆ ಆಡಿದರೆ ಯಾರಿಗಾದರೂ ಸಾಕಾಗುತ್ತದೆ. ನಾನು ಪುಟ್ಟಿ ಮಲಗಿದ ಮೇಲೆ ದಿನಕ್ಕೆ ಒಂದು ಗಂಟೆ, ಜಾಸ್ತಿ ಅಂದರೆ ಒಂದೂವರೆ ಗಂಟೆ, ಹೀಗೆ ಎರಡು ತಿಂಗಳು ಆಡಿದೆ. ಹಾಗೆ ಆಡುವಾಗ ಆ ಉದ್ದವೇ ನನಗೆ ಇಷ್ಟವಾಯಿತು, ದಿನಾ ಹೋಗಿ ಬರೋ ಊರಿನ ಹಾಗೆ ಆ ಅಮೆರಿಕದ ಒರೆಗಾನ್ ಕಾಡಿನ ದಾರಿಗಳೆಲ್ಲ ಮ್ಯಾಪ್ ನೋಡದೆಯೇ ಗೊತ್ತಾಗುತ್ತಾ ಬಂದವು.

ಆ ಗೇಮ್‌ನ ಜೀವ ಇರೋದು ಬೈಕ್‌ನಲ್ಲಿ. ಡೀಕನ್ ಅನ್ನೋನು ನಾಯಕ. ಶುರುವಿನಲ್ಲೇ ಅವನ ಒಳ್ಳೆ ಬೈಕ್ ಕೈತಪ್ಪಿ ಹೋಗುತ್ತದೆ, ಆಮೇಲೆ ಸಿಗೋದು ಒಂದು ಡಕೋಟ ಗಾಡಿ. ಪೆಟ್ರೋಲ್ ಬೇಗ ಖಾಲಿಯಾಗುತ್ತದೆ, ಗುದ್ದಿದರೆ ಕೆಡುತ್ತದೆ, ಗುಜರಿ ಹುಡುಕಿ ತಂದು ನಾವೇ ರಿಪೇರಿ ಮಾಡಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಸುಮ್ನೆ ಉರುಳಿಕೊಂಡು ಹೋದರೆ ಪೆಟ್ರೋಲ್ ಉಳಿಯುತ್ತದೆ. ಚಿಕ್ಕಪ್ಪ ಚಾರ್ಮಾಡಿ ಘಾಟಿಯಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿಯುತ್ತಿದ್ದರಲ್ಲ, ಅದೇ ತರ! ಗೇಮ್‌ನಲ್ಲಿ ಸೇವ್ ಮಾಡೋದಕ್ಕೂ ಬೈಕ್ ಹತ್ತಿರ ಇರಬೇಕು, ಇಲ್ಲಾ ಎಲ್ಲಾದರೂ ಹಾಸಿಗೆ ಸಿಗಬೇಕು. ಅದಕ್ಕೇ ಕತ್ತಲಲ್ಲಿ, ಮಳೆಯಲ್ಲಿ, ಗಾಡಿ ಬಿಟ್ಟು ದೂರ ಹೋದಾಗ ಎದೆ ಡವಡವ ಅನ್ನುತ್ತದೆ.

ಆಮೇಲೆ ಹೋರ್ಡ್‌ಗಳು, ಅಂದರೆ ಸೋಂಕು ತಗುಲಿ ಜಾಂಬಿಗಳ ತರ ಆದವರ ದೊಡ್ಡ ದೊಡ್ಡ ಹಿಂಡುಗಳು. ಹಗಲು ಗುಹೆಯಲ್ಲಿ ಬಿದ್ದುಕೊಂಡಿರುತ್ತವೆ, ರಾತ್ರಿ ಹೊರಗೆ ಬರುತ್ತವೆ. ಹಳೇ ಸಾಮಿಲ್ ಒಂದಿದೆ, ಅಲ್ಲಿ ಸುಮಾರು 500 ಇವೆ. ನಾನು ಮೊದಲ ಸಲ ಗೊತ್ತಿಲ್ಲದೆ ಹತ್ತಿರ ಹೋದೆ. ಕಟ್ಟೆ ಒಡೆದ ನೀರಿನ ಹಾಗೆ ಬಂದವು, ಶೆಡ್ಡಿನ ಬಾಗಿಲಿಂದ, ಗೋಡೆ ಹತ್ತಿ, ಒಂದರ ಮೇಲೊಂದು. ಎಷ್ಟೋ ಸಲ ಸತ್ತೆ. ಕೊನೆಗೆ ಒಂದು ರಾತ್ರಿ ಮೊದಲೇ ಸುತ್ತಿ ನೋಡಿ, ಗುಂಡು ಹೊಡೆದರೆ ಸಿಡಿಯೋ ಕೆಂಪು ಡ್ರಮ್ ಎಲ್ಲೆಲ್ಲಿದೆ, ಯಾವ ಕಿಟಕಿಯಲ್ಲಿ ನುಗ್ಗಿ ಆಚೆ ಹೋಗಬಹುದು ಅಂತ ಮನಸ್ಸಿನಲ್ಲೇ ದಾರಿ ಹಾಕಿಕೊಂಡೆ. ಇಕ್ಕಟ್ಟು ಜಾಗದಲ್ಲಿ ಅವು ಗುಂಪಾದಾಗ ಬೆಂಕಿ ಬಾಟಲಿ ಎಸೆದು ಮತ್ತೆ ಓಟ. ಮುಕ್ಕಾಲು ಗಂಟೆ ಹಿಡಿಯಿತು. ಕೊನೇದು ಬಿದ್ದಾಗ ಕೈ ನಡುಗುತ್ತಿತ್ತು, ಭಾವನನ್ನು ಎಬ್ಬಿಸಿ ತೋರಿಸಿದೆ. ಅಷ್ಟು ಖುಷಿ ಬೇರೆ ಯಾವ ಗೇಮ್‌ನಲ್ಲೂ ಸಿಕ್ಕಿಲ್ಲ ನನಗೆ.

ಕಥೆ ಹೇಳಿಬಿಡಲ್ಲ. ಶುರು ಮಾತ್ರ ಹೇಳುತ್ತೇನೆ. ಸೋಂಕು ಹಬ್ಬಿ ಜನ ಓಡುತ್ತಿರುವಾಗ ಹೆಲಿಕಾಪ್ಟರ್‌ನಲ್ಲಿ ಎಲ್ಲರಿಗೂ ಜಾಗ ಇಲ್ಲ, ಗಾಯವಾದ ಹೆಂಡತಿಯನ್ನು ಹತ್ತಿಸಿ, ಕೈಯಲ್ಲಿದ್ದ ಉಂಗುರ ಕೊಟ್ಟು, ಡೀಕನ್ ಗಾಯವಾದ ಗೆಳೆಯನ ಜೊತೆ ನೆಲದ ಮೇಲೇ ಉಳಿಯುತ್ತಾನೆ. ಆ ಗೆಳೆಯ ಬೂಜರ್, ಅವನನ್ನು ನೀನು ಮರೆಯಲ್ಲ.

ತಗೊಂಡರೆ ಮೊದಲು ಬದುಕಿ ಉಳಿದವರು ಇರೋ ಕೋಪ್‌ಲ್ಯಾಂಡ್ ಕ್ಯಾಂಪ್‌ನ ಕೆಲಸ ಮಾಡಿಕೊಡು, ಬೈಕ್‌ನ ಟ್ಯಾಂಕ್ ದೊಡ್ಡದು ಮಾಡಿಸಿಕೋ, ಗನ್ ಆಮೇಲೆ. ನೀರೋ (ಗೇಮ್‌ನಲ್ಲಿನ ಸರ್ಕಾರಿ ತುರ್ತು ಸಂಸ್ಥೆ) ಅಂತ ಬರೆದ ಬಿಳಿ ಡೇರೆ ಸಿಕ್ಕರೆ ಜನರೇಟರ್ ಆನ್ ಮಾಡುವ ಮುಂಚೆ ಕಂಬದ ಮೇಲಿನ ಸ್ಪೀಕರ್‌ಗಳ ವೈರ್ ಕತ್ತರಿಸು, ಇಲ್ಲದಿದ್ದರೆ ಆ ಸದ್ದಿಗೆ ಸುತ್ತಮುತ್ತ ಇರೋವೆಲ್ಲ ಬಂದುಬಿಡುತ್ತವೆ. ಒಂದೇ ಸ್ಪೀಕರ್ ಅಂದುಕೊಳ್ಳಬೇಡ, ಪೂರ್ತಿ ಒಂದು ಸುತ್ತು ಹಾಕಿ ಎಣಿಸು.