ಎಸ್ತೇರ್ ರಾಣಿ ನಿಜಕ್ಕೂ ಇದ್ದಳಾ?

ಶಶಿಕಲಾ: ಯೆಹೂದ್ಯರ ಪೂರಿಮ್ ಹಬ್ಬದ ಹಿನ್ನೆಲೆಯಾದ ಬೈಬಲಿನ ಎಸ್ತೇರ್ ಪುಸ್ತಕ ಓದುತ್ತಿದ್ದೆ. ಕರೆ ಬಾರದೆ ರಾಜನ ಮುಂದೆ ನಿಂತರೆ ಮರಣದಂಡನೆ, ಅವನು ಚಿನ್ನದ ದಂಡ ಚಾಚಿದರಷ್ಟೇ ಜೀವ ಉಳಿಯೋದು. ಅದು ಗೊತ್ತಿದ್ದೂ, ಮಂತ್ರಿ ಹಾಮಾನನ ಸಂಚಿನಿಂದ ತನ್ನ ಯೆಹೂದ್ಯ ಜನರನ್ನು ಉಳಿಸಲು ಒಳಗೆ ಹೋದವಳು ರಾಣಿ ಎಸ್ತೇರ್. ಅವಳ ಗಂಡ ರಾಜ ಅಹಷ್ವೇರೋಷ ಅಂದರೆ ಪರ್ಷಿಯಾದ ಕ್ಸೆರ್ಕ್ಸಸ್ (ಕ್ರಿ.ಪೂ. 486–465) ಅಂತಾರೆ. ಇದಕ್ಕೆಲ್ಲ ಚಾರಿತ್ರಿಕ ಆಧಾರ ಇದೆಯಾ?

ಇತಿಹಾಸಪ್ರಿಯ: ಇಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಕ್ಸೆರ್ಕ್ಸಸನ ರಾಣಿ ಅಮೆಸ್ಟ್ರಿಸ್. ಎಸ್ತೇರ್ ಅರಮನೆ ಸೇರಿದ್ದು ರಾಜನ ಏಳನೇ ವರ್ಷ, ಅಂದರೆ 479ರ ಸುಮಾರಿಗೆ. ಆಗಲೂ ಅಮೆಸ್ಟ್ರಿಸಳೇ ರಾಣಿ. ಸಾಲದ್ದಕ್ಕೆ ಎಸ್ತೇರಳನ್ನು ಸಾಕಿದ ಬಂಧು ಮೊರ್ದೆಕೈ 597ರಲ್ಲಿ ಯೆರೂಸಲೇಮಿನಿಂದ ಬ್ಯಾಬಿಲೋನಿಗೆ ಸೆರೆಹೋದವನಂತೆ. ಅವನಿಗೆ ಆಗ 118 ದಾಟಿರಬೇಕು!

ಗ್ರೇಸ್ ಟೀಚರ್: 118 ಎಲ್ಲಿಂದ ಬಂತು ಸ್ವಾಮಿ? ಎಸ್ತೇರ್ 2:5-6 ಸರಿಯಾಗಿ ಓದಿ. ಮೊರ್ದೆಕೈ, ಯಾಯೀರ, ಶಿಮ್ಮೀ, ಕೀಷ ಅಂತ ವಂಶಾವಳಿ ಹೇಳಿದ ಮೇಲೆ ಸೆರೆಯ ಮಾತು ಬರುತ್ತೆ. ಸೆರೆಹೋದವನು ಮುತ್ತಜ್ಜ ಕೀಷ.

ಇತಿಹಾಸಪ್ರಿಯ: ಕೀಷ ಅಂದ್ರಲ್ಲ, ಅದು ಇಸ್ರಾಯೇಲಿನ ಮೊದಲ ರಾಜ ಸೌಲನ ಅಪ್ಪನ ಹೆಸರು. ಹಾಮಾನನನ್ನು ಅಮಾಲೇಕ್ಯರ ರಾಜ ಅಗಾಗನ ವಂಶಕ್ಕೆ ಸೇರಿಸಿದ್ದಾರೆ. ಸೌಲನಿಗೂ ಅಗಾಗನಿಗೂ ಇದ್ದ ಹಳೇ ವೈರವನ್ನೇ ಪರ್ಷಿಯಾಕ್ಕೆ ತಂದು ಕಟ್ಟಿದ ಕಥೆ ಇದು.

ಜೋಸೆಫ್: ಕಟ್ಟಿದ ಕಥೆನಾ? ಬ್ಯಾಬಿಲೋನ್ ಹತ್ತಿರದ ಬೋರ್ಸಿಪ್ಪ ಊರಿನ ಮಣ್ಣಿನ ಫಲಕ ನೋಡಿದ್ದೀರಾ? ಸುಮಾರು ಅದೇ ಕಾಲದ್ದು, ಮರ್ದೂಕ ಅನ್ನೋ ಲೆಕ್ಕಾಧಿಕಾರಿಯ ಹೆಸರಿದೆ. ಅವನೇ ಮೊರ್ದೆಕೈ.

ಇತಿಹಾಸಪ್ರಿಯ: ಬ್ಯಾಬಿಲೋನಿನಲ್ಲಿ ಮರ್ದೂಕ ಅನ್ನೋ ಹೆಸರಿನವರು ಬೀದಿಗೊಬ್ಬರು. ಪರ್ಷಿಯನ್ ರಾಜಧಾನಿ ಪರ್ಸೆಪೊಲಿಸ್‌ನ ಫಲಕಗಳಲ್ಲೂ ಹಲವರಿದ್ದಾರೆ. ಇವನು ಯೆಹೂದ್ಯ ಅಂತ ಫಲಕದಲ್ಲಿ ಎಲ್ಲಿದೆ?

ಜೋಸೆಫ್: ಅಲ್ಲ ಅಂತ ಎಲ್ಲಿದೆ? ನಿಮ್ಮಂಥವರಿಗೆ ಗ್ರೀಕರು ಬರೆದದ್ದು ಮಾತ್ರ ವೇದವಾಕ್ಯ!

ಇತಿಹಾಸಪ್ರಿಯ: ವೇದವಾಕ್ಯ ಅಂತ ನಾನು ಹೇಳಿಲ್ಲ, ಮಾತು ತಿರುಚಬೇಡಿ. ಹೆಸರು ಹೋಲಿದ ಮಾತ್ರಕ್ಕೆ ಅವನೇ ಇವನು ಅನ್ನೋದು ಸಾಕ್ಷ್ಯ ಅಲ್ಲ.

ನದೀಮ್: ಫಲಕ ಬಿಡಿ. ಮೊರ್ದೆಕೈ ಅರಸನ ಬಾಗಿಲಲ್ಲಿ ಕೂರುತ್ತಿದ್ದ ಅಂತಿದೆಯಲ್ಲ, ಇರಾನಿನ ಸೂಸಾದಲ್ಲಿ ಆ ಅರಮನೆಯ ಮಹಾದ್ವಾರವೇ 1970ರ ದಶಕದಲ್ಲಿ ಫ್ರೆಂಚರ ಉತ್ಖನನದಲ್ಲಿ ಸಿಕ್ಕಿತು. 'ಈ ದ್ವಾರ ನನ್ನ ತಂದೆ ದಾರಿಯುಷ ಕಟ್ಟಿಸಿದ್ದು' ಅಂತ ಕ್ಸೆರ್ಕ್ಸಸ್ ಕಂಬದ ಪೀಠದ ಮೇಲೆ ಕೆತ್ತಿಸಿದ್ದಾನೆ. ಬರೆದವನಿಗೆ ಆ ಅರಮನೆಯ ಪರಿಚಯ ಚೆನ್ನಾಗಿಯೇ ಇತ್ತು.

ಇತಿಹಾಸಪ್ರಿಯ: ಪರಿಚಯ ಇತ್ತು, ಒಪ್ಪೋಣ. ಬಾಗಿಲು ಸಿಕ್ಕರೆ ರಾಣಿಯೂ ಸಿಕ್ಕಂತಾ?

ಶಶಿಕಲಾ: ನಾನು ಕೇಳಿದ್ದು ಎಸ್ತೇರಳ ವಿಷಯ. ಅವಳನ್ನು ಬಿಟ್ಟು ಎಲ್ಲರೂ ಮೊರ್ದೆಕೈ ಹಿಂದೆ ಬಿದ್ದಿದ್ದೀರಿ.

ಇತಿಹಾಸಪ್ರಿಯ: ಎಸ್ತೇರಳ ವಿಷಯವೇ ತಗೊಳ್ಳಿ. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಪ್ರಾಚೀನ ಯೆಹೂದ್ಯ ಸುರುಳಿಗಳಲ್ಲಿ ಆ ಪುಸ್ತಕದ ಒಂದು ಚೂರೂ ಸಿಕ್ಕಿಲ್ಲ. ಹೀಬ್ರೂ ಮೂಲದಲ್ಲಿ ದೇವರ ಹೆಸರೂ ಇಲ್ಲ.

ಗ್ರೇಸ್ ಟೀಚರ್: ದೇವರ ಹೆಸರಿಲ್ಲದಿದ್ದರೂ ಮೂರು ದಿನದ ಉಪವಾಸ ಇದೆಯಲ್ಲ, ಅದು ಯಾರಿಗಾಗಿ? 'ಸತ್ತರೆ ಸಾಯುತ್ತೇನೆ' ಅಂತ ಹೊರಟ ಹೆಣ್ಣುಮಗಳು ಅವಳು. ಪ್ರಾಚೀನ ಯೆಹೂದ್ಯ ಗ್ರಂಥ 2 ಮಕ್ಕಬಿಯರ 15:36ರಲ್ಲೂ ಈ ಹಬ್ಬದ ಉಲ್ಲೇಖ ಇದೆ. ಇಲ್ಲದವರಿಗೆ ಯಾರಾದರೂ ಹಬ್ಬ ಮಾಡ್ತಾರಾ?

ಇತಿಹಾಸಪ್ರಿಯ: ಆ ವಚನದಲ್ಲಿರೋದು 'ಮೊರ್ದೆಕೈಯ ದಿನ' ಟೀಚರ್. ಎಸ್ತೇರಳ ಹೆಸರು ತೋರಿಸಿ.

ಜೋಸೆಫ್: ಅಂದರೆ ಮೊರ್ದೆಕೈ ಇದ್ದ ಅಂತ ಈಗ ಒಪ್ಪಿದಿರಿ!