ಸಹಾಯ ಬೇಕು: ಅಪ್ಪನ ಹಳೇ ವಿಲ್ಲೀಸ್ ಪಿಕಪ್‌ಗೆ ವಾಲ್ವ್ ಸೀಟ್ ಕೂರಿಸುವವರು

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪನ ವಿಲ್ಲೀಸ್ ಪಿಕಪ್ 14 ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ಈಗ 6 ವರ್ಷದಿಂದ ಬಿಡುವಾದಾಗಲೆಲ್ಲ ನಾನೂ ತಮ್ಮನೂ ಅದನ್ನು ರಿಪೇರಿ ಮಾಡುತ್ತಿದ್ದೇವೆ.

ಜಾಮ್ ಆಗಿದ್ದ ಎಂಜಿನ್ ಬಿಡಿಸಿದೆವು. ಬ್ರೇಕ್ ಕೆಲಸ ಮುಗಿಯಿತು. ಈಗ ವಾಲ್ವ್ ಹತ್ತಿರ ನಿಂತುಬಿಟ್ಟಿದ್ದೇವೆ. ಇದು 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್. ಇದರಲ್ಲಿ ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಟೇಕ್ ವಾಲ್ವ್ ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನಲ್ಲಿ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೆಳಗಿನ ಬ್ಲಾಕ್‌ನಲ್ಲೇ ಇರುತ್ತದೆ. ಹಾಗಾಗಿ ಬರೀ ಹೆಡ್ ಬಿಚ್ಚಿಕೊಂಡು ಹೋದರೆ ಆಗಲ್ಲ. 3ನೇ ಸಿಲಿಂಡರಿನ ಎಕ್ಸಾಸ್ಟ್ ಸೀಟ್ (ವಾಲ್ವ್ ಮುಚ್ಚಿದಾಗ ಬಂದು ಕೂರುವ ಲೋಹದ ಉಂಗುರ) ಬಿರುಕು ಬಿಟ್ಟಿದೆ. ಪೇಸ್ಟ್ ಹಾಕಿ ಉಜ್ಜಿದರೆ ಸರಿಹೋಗುವ ಹಂತ ದಾಟಿದೆ.

ಒಬ್ಬ ಮೆಕ್ಯಾನಿಕ್ ಡೀಸೆಲ್ ಎಂಜಿನ್ ಕೂರಿಸಿಬಿಡಿ ಅಂದರು. ಮನಸ್ಸು ಒಪ್ಪಲಿಲ್ಲ. ಚಿಕ್ಕವರಿದ್ದಾಗ ದೂರದಲ್ಲಿ ಆ ಶಬ್ದ ಕೇಳಿದರೆ ಸಾಕು, ಅಪ್ಪ ಬಂದರು ಅಂತ ಗೇಟ್ ತೆಗೆಯಲು ಓಡುತ್ತಿದ್ದೆವು. ನಮಗೆ ಅದೇ ಎಂಜಿನ್ ಬೇಕು.

ಚಿಕ್ಕಮಗಳೂರು, ಬೇಲೂರು, ಹಾಸನ ಕಡೆ ಬ್ಲಾಕ್‌ನಲ್ಲಿ ಹಳೇ ಸೀಟ್ ತೆಗೆದು ಹೊಸದು ಕೂರಿಸುವವರು ಯಾರಾದರೂ ಗೊತ್ತಾ? ಎರಕದ ಬ್ಲಾಕ್ ಆದ್ದರಿಂದ ಕೈ ಪಳಗಿದವರೇ ಬೇಕು. ಬ್ಲಾಕ್ ಇಳಿಸಿ ಇಟ್ಟಿದ್ದೇವೆ, ಹೇಳಿದ ಕಡೆ ತರುತ್ತೇವೆ.

ಹಾಗೇ ಒಳ್ಳೆ ಟಿಂಕರಿಂಗ್ ಕೆಲಸದವರು ಇದ್ದರೂ ತಿಳಿಸಿ. ನಮ್ಮ ಕಡೆ ಮಳೆ ಗೊತ್ತಲ್ವಾ, ಕ್ಯಾಬಿನ್ ನೆಲದ ತಗಡು ಪೂರ್ತಿ ತುಕ್ಕು ತಿಂದಿದೆ.

ಅಪ್ಪನಿಗೆ ಈಗ 81. ಈ ಸಲದ ಕಾಫಿ ಕೊಯ್ಲಿಗೆ ಮುಂಚೆ ಅವರನ್ನು ಕೂರಿಸಿಕೊಂಡು ತೋಟ ಒಂದು ಸುತ್ತು ಹಾಕಬೇಕು ಅಂತ ಆಸೆ. ದಯವಿಟ್ಟು ಗೊತ್ತಿದ್ದವರು ಹೇಳಿ.