ಗೋಲ್ಡ್ ಅವಾರ್ಡಿಗೆ ಕುಷ್ಟಗಿ ಕಡೆಯ ಶಾಲೆ

ಅಕ್ಕಾ, ನಿಮ್ಮ ಮಗಳು ಅಮೆರಿಕದ ಹುಡುಗಿಯರ ಸಂಸ್ಥೆ ಗರ್ಲ್ ಸ್ಕೌಟ್ಸ್ ಕೊಡುವ ಅತಿ ದೊಡ್ಡ ಪ್ರಶಸ್ತಿ ಗೋಲ್ಡ್ ಅವಾರ್ಡಿನ ಸೇವಾ ಕೆಲಸಕ್ಕೆ ಕುಷ್ಟಗಿ ತಾಲೂಕಿನ ನಿಮ್ಮೂರ ಶಾಲೆಯನ್ನೇ ಆರಿಸಿಕೊಂಡು, ಅಲ್ಲಿ ಪುಸ್ತಕ, ಬ್ಯಾಗು ಹಂಚಬೇಕು ಅಂದಿದ್ದಾಳೆ ಅಂತ ನೀವು ಬರೆದದ್ದು ಓದಿ ಬಹಳ ಖುಷಿ ಆತು. ಅಮೆರಿಕದಲ್ಲಿ ಹುಟ್ಟಿದ ಹುಡುಗಿಗೆ ಅಜ್ಜಿ ಊರಿನ ಮಕ್ಕಳು ನೆನಪಾದರಲ್ಲ!

ಆದರೆ ಇಲ್ಲಿ ಅಮೆರಿಕದಲ್ಲಿ ಪುಸ್ತಕ, ಬ್ಯಾಗು ಕೂಡಿಸಿ ಅಲ್ಲಿ ಹಂಚಿ ಬಂದರೆ ಇದಕ್ಕೆ ಸಾಲದು. ಈ ಅವಾರ್ಡುಗಳಲ್ಲಿ ಮೂರು ಹಂತ: 4-5ನೇ ತರಗತಿಯವರು ತಂಡವಾಗಿ ಮಾಡುವ ಬ್ರಾಂಜ್‌ಗೆ 20 ಗಂಟೆ, 6ರಿಂದ 8ರವರ ಸಿಲ್ವರ್‌ಗೆ 50, ಹೈಸ್ಕೂಲಿನ ಗೋಲ್ಡ್‌ಗೆ 80 ಗಂಟೆ. ಗಂಟೆಗಿಂತ ದೊಡ್ಡದು ಇನ್ನೊಂದಿದೆ: ಸಮಸ್ಯೆಯ ಬೇರು ಹುಡುಕಬೇಕು, ಅವಳು ವಾಪಸ್ ಬಂದ ಮೇಲೂ ಕೆಲಸ ನಡೀತಾ ಇರಬೇಕು.

ಹಾಗಾಗಿ ಮೊದಲು ಕೇಳಿಸಿ ನೋಡ್ರಿ. ಅಲ್ಲಿಯ ಮಕ್ಕಳಿಗೆ ಪುಸ್ತಕ ಇಲ್ಲವೋ, ಇದ್ದರೂ ಓದಿಸುವವರು ಇಲ್ಲವೋ? ಎಷ್ಟೋ ಶಾಲೆಯಲ್ಲಿ ಪುಸ್ತಕ ಬೀರುವಿನೊಳಗೇ ಇರ್ತಾವೆ. ಈಗ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ನಿಮ್ಮೂರ ಕೇಂದ್ರದ ಮೇಲ್ವಿಚಾರಕರನ್ನೂ ಶಾಲೆಯ ಹೆಡ್‌ಮಾಸ್ತರನ್ನೂ ಒಟ್ಟಿಗೆ ಕೂಡಿಸಿ, ದೊಡ್ಡ ಹುಡುಗಿಯರು ಸಣ್ಣವರಿಗೆ ವಾರಕ್ಕೊಮ್ಮೆ ಗಟ್ಟಿಯಾಗಿ ಓದಿ ಹೇಳುವ ಹಾಗೆ ಮಾಡಿದರೆ ಅದು ಉಳಿಯುತ್ತೆ. ಆ ಶಾಲೆಯಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಘಟಕ ಇದ್ದರಂತೂ ಅದನ್ನು ನಡೆಸುವ ಗೈಡ್ ಕ್ಯಾಪ್ಟನ್ ಹತ್ತಿರ ತಪ್ಪದೇ ಮಾತಾಡಿಸ್ರಿ. ಆ ಹುಡುಗಿಯರೂ ಸೇವೆ ಮಾಡಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದವರೆಗೆ ಹೋಗುವವರೇ. ನಮ್ಮ ಹುಡುಗಿ ಕೊಡುವವಳು, ಅವರು ತಗೊಳ್ಳುವವರು ಅನ್ನೋ ಹಾಗೆ ಆಗಬಾರದು ಅಂತ ನನಗೆ ಬಹಳ ಅನಿಸುತ್ತೆ. ಜೊತೆಗೇ ಕೂತು ಕೆಲಸ ಮಾಡಲಿ. ಅವಳ ಕನ್ನಡ ತೊದಲಿದರೂ ಅಡ್ಡಿಯಿಲ್ಲ, ಅಲ್ಲಿಯ ಮಕ್ಕಳೇ ತಿದ್ದುತ್ತಾರೆ.

ಕಾಲೇಜ್ ಅರ್ಜಿಗೆ ಅನುಕೂಲ ಆಗುತ್ತೆ, ನಿಜ. ಅಷ್ಟಕ್ಕೇ ಗರ್ಲ್ ಸ್ಕೌಟ್ಸ್‌ಗೆ ಕೊಡುವ ಪ್ರಪೋಸಲ್ ನೀವು ಬರೆದುಕೊಡಬೇಡ್ರಿ. ಹೆಡ್‌ಮಾಸ್ತರಿಗೆ ಫೋನ್ ಕೂಡ ಅವಳೇ ಮಾಡಲಿ, ನೀವು ಪಕ್ಕದಲ್ಲಿ ಇದ್ದರೆ ಸಾಕು. ಅವಳಿಗೆ ಸಲಹೆ ಕೊಡುವ ಪ್ರಾಜೆಕ್ಟ್ ಅಡ್ವೈಸರ್ ಮನೆಯವರಾಗದೆ, ಓದು-ಗ್ರಂಥಾಲಯ ಗೊತ್ತಿರುವ ಹೊರಗಿನವರು ಆಗಲಿ.

ಇಲ್ಲಿ ಜೂನ್‌ನಲ್ಲಿ ರಜೆ ಬೀಳುವಾಗ ಅಲ್ಲಿ ಶಾಲೆ ಶುರುವಾಗಿರುತ್ತೆ, ಅದು ಅನುಕೂಲ. ಆದರೆ ಗರ್ಲ್ ಸ್ಕೌಟ್ಸ್‌ನ ಸ್ಥಳೀಯ ಕೌನ್ಸಿಲ್ ಒಪ್ಪಿಗೆ ಸಿಗದೆ ಕೆಲಸ ಶುರು ಮಾಡುವ ಹಾಗಿಲ್ಲ. ಸಿಲ್ವರ್ ಆಗಿದ್ದರೆ ಒಂದು ಜರ್ನಿ (ಗರ್ಲ್ ಸ್ಕೌಟ್ಸ್‌ನ ಕಲಿಕೆಯ ಚಟುವಟಿಕೆಗಳ ಸರಣಿ), ಇಲ್ಲದಿದ್ದರೆ ಎರಡು ಮುಗಿಸಿರಬೇಕು. ಅವಳದು ಎಲ್ಲಿಗೆ ಬಂದಿದೆ ಹೇಳ್ರಿ. ಟಿಕೆಟ್ ಆಮೇಲೆ ನೋಡೋಣ.